ಗೋಡೆಯ ನಾಲ್ಕು ತೂತು

ಮಾರ್ಚ್ 4, ಸೋಮವಾರ. ಬೆಳಿಗ್ಗೆ 6.10

ದೀಪ ಆರಿತು. ಗ್ಯಾಸ್ ನಿಂತಿತು. ಎರಡನೇ ಕೋಣೆ, ಗಿಡದ ತುದಿಯ ಮಟ್ಟದಲ್ಲಿ ಗ್ಯಾಸಿನ ಮೀಟರು 1180. ಬೇಕಾದ್ದು 1200. ಪರವಾಗಿಲ್ಲ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ನಾನೂರು ಚಿಲ್ಲರೆ. ಒಳಗೆ ಮೂರು ಪಟ್ಟು ಕುಡಿದು, ಔಷಧಿಗೆಂದು ಬೆಳೆಸುವ ಗಾಂಜಾ ಗಿಡಗಳು ಕೊಬ್ಬುತ್ತಿವೆ. ನಾಲ್ಕನೇ ವಾರದ ಹೂ.

ನಮ್ಮ ಹಗಲು ಅವಕ್ಕೆ ರಾತ್ರಿ. ರಾತ್ರಿ ಕರೆಂಟು ಅಗ್ಗ, ಬಿಸಿಲ ಕಾವೂ ಇಲ್ಲ ಅಂತ ಮಾಲೀಕರ ಲೆಕ್ಕಾಚಾರ. ಸಂಜೆ ಆರರವರೆಗೆ ಕೋಣೆ ಕತ್ತಲು, ತಂಪು. ಫ್ಯಾನು, ಗ್ಯಾಸು ಎರಡೂ ಬಂದ್.

ಬುಪ್ಪಾ ದೊಡ್ಡಮ್ಮ ಎಂಟಕ್ಕೆ ಬಂದಳು. ಪಕ್ಕದ ಕೋಣೆಯಲ್ಲಿ ಹೂವಿನ ಸುತ್ತ ಎಲೆ ಕತ್ತರಿಸುವ ಕೆಲಸ. ಮೂವತ್ತು ವರ್ಷ ಹೊಗೆಸೊಪ್ಪು ಹದ ಮಾಡಿದ ಕೈ, ಕತ್ತರಿ ಓಡುವುದೇ ಕಾಣಿಸುವುದಿಲ್ಲ. ನನ್ನ ಮೀಟರ್ ಪುಸ್ತಕ ನೋಡಿ ನಕ್ಕಳು.

"ಈ ಗಿಡಗಳಿಗೆ ಮಾಡೋ ಉಪಚಾರದಲ್ಲಿ ಅರ್ಧ ನನ್ನ ಗಂಡ ನನಗೆ ಮಾಡಿದ್ದಿದ್ರೆ ಇನ್ನೂ ನಾಲ್ಕು ಹೆರ್ತಿದ್ದೆ ಕಣೇ ಲಮ್ಯೈ."

ಮಾರ್ಚ್ 6, ಬುಧವಾರ

ಹೊಸ ಅಲಾರಂ ಡಬ್ಬಿ ಬಂತು. ಗಿಡದ ತುದಿಯ ಮೀಟರು ಗಿಡಕ್ಕೆ, ಇದು ಮನುಷ್ಯರಿಗೆ. ಗ್ಯಾಸು ಸೋರಿ ಐದು ಸಾವಿರ ದಾಟಿದರೆ ಕೂಗುತ್ತದೆ. ಕೂರಿಸಿದವನು ಲಂಪಾಂಗ್ ಪಟ್ಟಣದ ಫಿಟ್ಟರ್ ವೀರಯುತ್. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ನೆಲದಿಂದ ಒಂದು ಗೇಣು ಮೇಲೆ ನಾಲ್ಕು ತೂತು ಕೊರೆದು ಬಿಗಿದ.

"ಇಷ್ಟು ಕೆಳಗಾ?" ಅಂದೆ.

"ಈ ಗ್ಯಾಸು ಭಾರ ಅಕ್ಕ. ನೀರಿನ ಹಾಗೆ ತಗ್ಗಿಗೆ ಹೋಗಿ ಕೂರುತ್ತೆ. ನಿಮ್ಮ ಕೋಣೆ ಬೇರೆ ಎರಡು ಮೆಟ್ಟಿಲು ಕೆಳಗಿದೆ. ಮುಂಚೆ ಬೆಳ್ಳುಳ್ಳಿ ಗೋದಾಮು ಅಲ್ವಾ? ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಮಟ್ಟದಲ್ಲಿ ಏನೂ ಗೊತ್ತಾಗಲ್ಲ."

ಮರೆಯಬಾರದು ಅಂತ ಬರೆದಿಟ್ಟಿದ್ದೇನೆ.

ಮಾರ್ಚ್ 8, ಶುಕ್ರವಾರ

ಹೊಸ ಯಂತ್ರಗಳನ್ನು ಹರಸಲು ಭಿಕ್ಷುಗಳು ಬಂದಿದ್ದರು. ಒಂಬತ್ತು ಜನ. ಪಠಣ, ಊಟ, ಆಮೇಲೆ ಕೋಣೆ ಕೋಣೆಗೂ ಮಂತ್ರದ ನೀರು. ಅವರಲ್ಲಿ ಹಿರಿಯರು ಯಂತ್ರಗಳಿಗೆಲ್ಲ ಬಿಳಿ ಗಂಧದ ಮೂರು ಬೊಟ್ಟು ಇಟ್ಟರು. ದೀಪದ ಪೆಟ್ಟಿಗೆಗೆ, ಏಸಿಗೆ. ಅಲಾರಂ ಡಬ್ಬಿಗೆ ಬೊಟ್ಟಿಡಲು ಪಾಪ ಆ ವಯಸ್ಸಿನಲ್ಲಿ ಮಂಡಿಯೂರಿ ಬಗ್ಗಿದರು. ನನಗೇ ಮುಜುಗರವಾಯಿತು.

ಮಾರ್ಚ್ 9, ಶನಿವಾರ

ನೆಲ ಒರೆಸುತ್ತಿದ್ದೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು ಕಿರುಚಿದಳು.

"ಅಯ್ಯೋ, ಗುರುಗಳು ಬೊಟ್ಟಿಟ್ಟ ವಸ್ತು! ಕಾಲಿನ ಹತ್ತಿರ ಇಟ್ಟು, ಕೊಳೆ ನೀರು ಸಿಡಿಸ್ತಿದ್ದೀಯಲ್ಲೇ!"

"ಅದು ಅಲ್ಲೇ ಇರಬೇಕಂತೆ ದೊಡ್ಡಮ್ಮ. ಫಿಟ್ಟರ್ ಹೇಳಿದಾನೆ."

"ಫಿಟ್ಟರಿಗೇನು ಗೊತ್ತು, ಅವನು ಬೊಟ್ಟಿಗಿಂತ ಮುಂಚೆ ಇಟ್ಟು ಹೋದ. ಈಗ ಅದು ಬರೀ ಡಬ್ಬಿಯಾ? ನಿನ್ನ ಅಪ್ಪನ ಫೋಟೋ ಕಾಲ ಹತ್ತಿರ ತೂಗುಹಾಕ್ತೀಯಾ?"

ಅಮ್ಮ ಸತ್ತ ಮೇಲೆ ಅಂಟು ಅಕ್ಕಿಯ ಅನ್ನ ಉಂಡೆ ಕಟ್ಟಿ ನನಗೆ ಉಣ್ಣಿಸಿದವಳು. ಎದುರಾಡಿ ಅಭ್ಯಾಸವಿಲ್ಲ. ಅಷ್ಟೇ ಅಲ್ಲ, ನನಗೂ ಕಾಲು ತಾಗುವಾಗಲೆಲ್ಲ ಒಂಥರಾ ಆಗುತ್ತಿತ್ತು. ಬಿಚ್ಚಿ ಕತ್ತಿನ ಮಟ್ಟಕ್ಕೆ ಏರಿಸಿದೆ. ಅವಳು ಟಾರ್ಚ್ ಹಿಡಿದಳು. ಕೆಳಗಿನ ನಾಲ್ಕು ತೂತಿಗೆ ಅವಳ ಹಲ್ಲುಜ್ಜುವ ಪೇಸ್ಟ್ ಮೆತ್ತಿ, ಮೇಲೆ ಸುಣ್ಣದ ಬಣ್ಣ. ಗುರುತೇ ಸಿಗದು.

"ಈಗ ನೋಡು, ಎಷ್ಟು ಲಕ್ಷಣವಾಗಿದೆ" ಅಂದು ಡಬ್ಬಿಗೆ ಕೈಮುಗಿದಳು. ಗ್ಯಾಸು ಸೋರುವುದು ಎಂದೋ ಒಂದು ದಿನ... ಇಬ್ಬರಿಗೂ ಸಮಾಧಾನವಾಯಿತು.

ಮಾರ್ಚ್ 27, ಬುಧವಾರ

ಹೊಗೆ. ಗುಡ್ಡದ ಮೇಲೆ ಕಾಡು, ಕೆಳಗೆ ಜೋಳದ ಕೂಳೆ, ಎಲ್ಲ ಉರಿಯುತ್ತಿದೆ. ಸೂರ್ಯ ಕುಂಕುಮದ ಬೊಟ್ಟಿನ ಹಾಗೆ. ಹೂವಿನ ಮೇಲೆ ಬೂದಿ ಕೂತರೆ ಇಡೀ ಬೆಳೆ ಔಷಧಿಗೆ ಹೋಗುವುದಿಲ್ಲ ಅಂತ ಮಾಲೀಕರು ಹೊರಗಾಳಿಯ ಕಿಂಡಿ ಮುಚ್ಚಿಸಿದರು. ಒಳಗಿನ ಗಾಳಿ ಒಳಗೇ.

ದೊಡ್ಡಮ್ಮನ ಕೆಮ್ಮು ಜೋರಾಗಿದೆ. ಊಟದ ಮೇಲೆ ಚಾಪೆ ಹಿಡಿದು ಎರಡನೇ ಕೋಣೆಗೆ ಹೋಗಿ ಮಲಗಿದ್ದಳು. ಎಬ್ಬಿಸಿದೆ.

"ಇಡೀ ಜಿಲ್ಲೇಲಿ ಉಸಿರಾಡೋಕೆ ಇರೋದು ಇದೊಂದೇ ಜಾಗ ಕಣೇ. ಅರ್ಧ ಗಂಟೆ. ಗ್ಯಾಸು ಹೆಂಗೂ ಬೆಳಿಗ್ಗೆಯೇ ನಿಲ್ಲುತ್ತಲ್ಲ. ಮೇಲೆ ನಿನ್ನ ಡಬ್ಬಿ ಇದೆ, ಕಾಯುತ್ತೆ."

ಮಲಗಲಿ ಅಂತ ಬಿಟ್ಟೆ.

ಏಪ್ರಿಲ್ 3, ಬುಧವಾರ

ದೊಡ್ಡಮ್ಮ ಹೋದಳು. ಎರಡನೇ ಕೋಣೆ. ಚಾಪೆಯ ಮೇಲೆ.

ಏಪ್ರಿಲ್ 7, ಭಾನುವಾರ

ಬರೆಯಲೇಬೇಕು.

ಗ್ಯಾಸು ನಿಲ್ಲಿಸುವ ಸ್ವಿಚ್ಚು ಆ ದಿನ ಅಂಟಿಕೊಂಡಿತ್ತು. ಬೆಳಿಗ್ಗೆ ಬಾಗಿಲಲ್ಲೇ ನಿಂತು ಮೀಟರು ನೋಡಿದ್ದೆ, 1210. ಸರಿಯಿದೆ ಅಂದುಕೊಂಡೆ. ಫ್ಯಾನು ನಿಂತ ಕೋಣೆ, ಮುಚ್ಚಿದ ಕಿಂಡಿ. ಏಳು ಗಂಟೆ ಹೊತ್ತು ಸಿಲಿಂಡರಿನಿಂದ ಸಣ್ಣಗೆ ಇಳಿದು ತಗ್ಗಿನಲ್ಲಿ ತುಂಬಿದೆ. ಒಂದೂವರೆಗೆ ಚಹಾಕ್ಕೆ ಕರೆಯಲು ಹೋದೆ. ಗಿಡಗಳ ನಿದ್ದೆ ಕೆಡಿಸದ ಹಸಿರು ದೀಪದಲ್ಲಿ ಮಗ್ಗುಲಾಗಿ ಮಲಗಿದ್ದಳು, ಕೈ ಕೆನ್ನೆಯ ಕೆಳಗೆ. ಬಗ್ಗಿ ಅಲುಗಾಡಿಸುವಾಗ ನನ್ನ ತಲೆಯೇ ಧಿಮ್ಮೆಂದಿತು. ಉಸಿರು ಬಿಗಿಹಿಡಿದು ಚಾಪೆ ಸಮೇತ ಎಳೆದೆ. ಮೆಟ್ಟಿಲು ಎರಡೇ. ಎಷ್ಟು ದೊಡ್ಡವು.

ಡಬ್ಬಿ ಕೂಗಲಿಲ್ಲ. ಅಷ್ಟು ಎತ್ತರದಲ್ಲಿ ಅದರ ಅಂಕಿ ಎರಡು ಸಾವಿರ ಚಿಲ್ಲರೆ. ರಕ್ಷಣೆಯವರು ತಮ್ಮ ಯಂತ್ರವನ್ನು ಪಾದದ ಹತ್ತಿರ ಹಿಡಿದರು. ಅದರ ಅಂಕಿಯೇ ಮುಗಿದುಹೋಯಿತು.

ಶವದ ಕೈಗೆ ಪರಿಮಳದ ನೀರು ಹುಯ್ದು, ತಪ್ಪಾಗಿದ್ದರೆ ಕ್ಷಮಿಸು ಅನ್ನಬೇಕು. ಎಲ್ಲರೂ ಅಂದರು. ನನ್ನ ಸರದಿಯಲ್ಲಿ ನೀರು ಹುಯ್ದೆ, ಬಾಯಿ ತೆರೆಯಲಿಲ್ಲ. ಅವಳ ಮಗಳು ಜಿಂತನಾ ನನ್ನನ್ನು ತಬ್ಬಿಕೊಂಡಳು. "ನೀನು ಎಳೆದು ಹೊರಗೆ ತಂದೆ ಅಕ್ಕ. ಇಲ್ಲದಿದ್ರೆ ಅಮ್ಮ ಕತ್ತಲಲ್ಲೇ ಇರ್ತಿದ್ಲು."

ಏಪ್ರಿಲ್ 14, ಭಾನುವಾರ

ಹೊಸವರ್ಷ. ಬೀದಿಯಲ್ಲಿ ನೀರಾಟ. ಹಿರಿಯರ ಕೈಗೆ ನೀರು ಹುಯ್ಯುವ ದಿನ. ಪ್ರತಿ ವರ್ಷ ಮೊದಲು ಅವಳ ಕೈಗೇ. ಬೆಳ್ಳಿ ಬಟ್ಟಲು ತೆಗೆದು ತೊಳೆದು ಮತ್ತೆ ಒಳಗಿಟ್ಟೆ.

ಏಪ್ರಿಲ್ 19, ಶುಕ್ರವಾರ

ವೀರಯುತ್ ಬಂದಿದ್ದ. ಡಬ್ಬಿ ಎತ್ತರದಲ್ಲಿ ಹಾಕಿದ್ದು ಅವನೇ ಅಂತ ಮಾಲೀಕರು ದೂರು ಕೊಟ್ಟಿದ್ದಾರೆ. ಕೇಸಾಗುತ್ತದೆ. ಮುಖ ಒಣಗಿತ್ತು. ಗೋಡೆಯ ಕೆಳಭಾಗವನ್ನು ಅಂಗೈಯಲ್ಲಿ ಸವರಿ ಸವರಿ ನೋಡಿದ.

"ಅಕ್ಕ, ನಾನು ಕೆಳಗೇ ಹಾಕಿದ್ದೆ ಅಲ್ವಾ? ತೂತೇ ಇಲ್ಲ. ಆ ವಾರ ಹದಿನೇಳು ಡಬ್ಬಿ ಹಾಕಿದೀನಿ... ಇಲ್ಲೇ ತಪ್ಪು ಮಾಡಿದ್ನೋ ಏನೋ. ನನಗೇ ನನ್ನ ಮೇಲೆ ಅನುಮಾನ ಬರ್ತಿದೆ. ನಿದ್ದೆ ಇಲ್ಲ ಅಕ್ಕ. ಆ ಅಮ್ಮನ್ನ ನಾನೇ ಕೊಂದ್ನಾ?"

ನೀರು ಕೊಟ್ಟೆ. ಕುಡಿದ. ಲೋಟ ಕೊಡುವಾಗ ಕೈಮುಗಿದ. ನನಗೆ!

ಏಪ್ರಿಲ್ 20, ಶನಿವಾರ

ಫಿಟ್ಟರ್ ಮಾತು ಬರೆದಿಟ್ಟ ಮಾರ್ಚ್ 6ರ ಪುಟ ಹರಿಯಲು ಹೋದೆ. ಅರ್ಧ ಇಂಚು ಹರಿಯಿತು. ನಿಲ್ಲಿಸಿದೆ. ನಾನು ಇಷ್ಟು ನೀಚಳಾ?

ನಿಜ ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅದಕ್ಕಲ್ಲ ಹೆದರಿಕೆ. ಏರಿಸು ಅಂದದ್ದು ನಿನ್ನ ಅಮ್ಮನೇ ಅಂತ ಜಿಂತನಾಗೆ ಹೇಳಬೇಕಾಗುತ್ತದೆ. ತನ್ನ ತಪ್ಪನ್ನು ಸತ್ತವಳ ಮೇಲೆ ಹಾಕಿದಳು ಅನ್ನುತ್ತಾಳೆ.

ಇಲ್ಲ. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬರೆದಿಟ್ಟುಕೊಂಡಿದ್ದೆ.

ಏಪ್ರಿಲ್ 22, ಸೋಮವಾರ. ಬೆಳಿಗ್ಗೆ 9.40

ಹತ್ತಕ್ಕೆ ತನಿಖೆಯವರು. ಜಿಂತನಾ, ವೀರಯುತ್ ಇಬ್ಬರನ್ನೂ ಕರೆದಿದ್ದಾರೆ.

ಎರಡನೇ ಕೋಣೆಯ ನೆಲದ ಮೇಲೆ ಕೂತಿದ್ದೇನೆ. ಗಿಡಗಳನ್ನು ಸಾಗಿಸಿದ್ದಾರೆ, ಕಿಂಡಿ ತೆರೆದಿದೆ. ಮೀಟರು ಪಾದದ ಹತ್ತಿರ ಇಟ್ಟಿದ್ದೇನೆ, 430. ಬೀದಿಯ ಗಾಳಿಯಷ್ಟೇ.

ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದೆ. ಮೊದಲ ತೂತು ಸಿಕ್ಕಿತು. ಪೇಸ್ಟು ಗಟ್ಟಿಯಾಗಿ ಉಂಡೆಯಾಗಿ ಉದುರಿತು. ಇನ್ನೂ ಅದೇ ಪುದೀನ ವಾಸನೆ, ದೊಡ್ಡಮ್ಮ ನಕ್ಕಾಗ ಬರುತ್ತಿದ್ದದ್ದು. ಅತ್ತುಬಿಟ್ಟೆ. ಎರಡನೆಯದು. ಮೂರನೆಯದು. ತಪ್ಪಾಯ್ತು ಅಂತ ಮೂರು ಸಲ ಹೇಳಿದೆ, ಜೋರಾಗಿ, ಗೋಡೆಗೆ.

ಈ ಪುಸ್ತಕವನ್ನು ಜಿಂತನಾ ಕೈಗೇ ಕೊಡುತ್ತೇನೆ, ಹರಿದ ಪುಟ ಮೇಲಿರುವ ಹಾಗೆ.

ಗೇಟಿನಲ್ಲಿ ಕಾರು. ವೀರಯುತ್‌ನ ಕೆಮ್ಮು ಕೇಳಿಸಿತು. ನಾಲ್ಕನೆಯದನ್ನು ಅವನ ಎದುರಿಗೇ ಕೆರೆಯುತ್ತೇನೆ.