ಬರ್ಪೆ ಅಂದರೆ ಗುಡ್‌ಬೈ ಅಲ್ಲ

ಅಕ್ಟೋಬರ್ 7, ಮಂಗಳವಾರ

ಬೆಳಿಗ್ಗೆಯಿಂದ ಎಂಟು ಫ್ಲೆಕ್ಸ್. ಎರಡು ಗೃಹಪ್ರವೇಶ, ಒಂದು ಶ್ರದ್ಧಾಂಜಲಿ, ಉಳಿದದ್ದೆಲ್ಲ ಕಬಡ್ಡಿ. ಶಾಯಿಯ ವಾಸನೆಗೆ ತಲೆನೋವು.

ಮಧ್ಯಾಹ್ನ ವಿಲ್ಲಿ ಅಂಕಲ್ ಬಂದರು. ಗೇವಿನ್‌ನ ಸೋದರಮಾವ. ಹಂಪನಕಟ್ಟೆಯಲ್ಲಿ ಅಷ್ಟು ಪ್ರಿಂಟಿಂಗ್ ಅಂಗಡಿಗಳಿವೆ, ಇವರಿಗೆ ನಾನು ಕೆಲಸ ಮಾಡುವ ಅಂಗಡಿಯೇ ಆಗಬೇಕು. ಹತ್ತು ಬೈ ಆರು ಅಡಿಯ ಫ್ಲೆಕ್ಸ್. "ಊರಿನ ಹೆಮ್ಮೆಯ ಗಾಯಕ ಗೇವಿನ್‌ಗೆ ಅಭಿನಂದನೆಗಳು. ಬ್ರಿಟನ್ನಿನ ಸಾಲ್ಟ್ ಕಮಿಟಿ ಬ್ಯಾಂಡಿನ ಚೊಚ್ಚಲ ಆಲ್ಬಂ — ಬರ್ಪೆ."

"ನೀನು ಅವನ ಫ್ರೆಂಡ್ ಅಲ್ವಾ ಲತೇಶ್? ಫೇಸ್ ಸ್ವಲ್ಪ ಬ್ರೈಟ್ ಮಾಡು ಮಾರಾಯ."

ಮಾಡಿದೆ. ಎಷ್ಟು ಬ್ರೈಟ್ ಅಂದರೆ ಮೂಗೇ ಕಾಣುವುದಿಲ್ಲ.

ಅಕ್ಟೋಬರ್ 8

ಅವನ ಇಂಟರ್‌ವ್ಯೂ ಓದಿದೆ. ಓದಬಾರದಿತ್ತು. "ಬರ್ಪೆ ಅಂದರೆ ನನ್ನ ಊರಿನ ತುಳುವಿನಲ್ಲಿ ಗುಡ್‌ಬೈ" ಅಂತೆ.

ಗುಡ್‌ಬೈ ಅಂತೆ! ಬರ್ಪೆ ಅಂದರೆ ಬರ್ತೇನೆ. ಹೊರಡುವಾಗ 'ಪೋಪೆ', ಹೋಗ್ತೇನೆ, ಅನ್ನಬಾರದು. ನಾಲಿಗೆ ತಪ್ಪಿ ಅಂದರೆ ಅಮ್ಮ ಬಾಗಿಲಲ್ಲೇ ತಡೆದು, ಬರ್ಪೆ ಅನ್ನಿಸಿಯೇ ಬಿಡುತ್ತಿದ್ದರು. ಇವನಿಗೂ ಅನ್ನಿಸಿದ್ದರು. 2021ರ ಸೆಪ್ಟೆಂಬರ್, ವಾಮಂಜೂರಿನ ನಮ್ಮ ಮನೆ ಮೆಟ್ಟಿಲು. ಅಂದು ಲೀಡ್ಸ್‌ಗೆ ಹೋದವನು ಬಂದೇ ಇಲ್ಲ. ನಾನು ಬಾಸ್ ಗಿಟಾರ್, ದೀಪೇಶ್ ಡ್ರಮ್ಸ್, ಇವನು ಹಾಡು — ನಮ್ಮ ಬ್ಯಾಂಡ್ ಅಲ್ಲಿಗೇ ಮುಗಿಯಿತು. ಅದನ್ನಾದರೂ ಮರೆಯಬಹುದು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಒಂದು ಫೋನ್ ಇಲ್ಲ. ಕೈಮುಗಿದ ಇಮೋಜಿ ಕಳಿಸಿದ, ಒಂದೇ ಒಂದು. ಮೂರು ವರ್ಷ ಅವರ ಕೈಯ ನೀರುದೋಸೆ ತಿಂದವನು.

ಅಕ್ಟೋಬರ್ 10, ಶುಕ್ರವಾರ

ಆಲ್ಬಂ ಬಂದಿದೆ. ಕೇಳುವುದಿಲ್ಲ. ದೀಪೇಶ್ ಫೋನ್ ಮಾಡಿದ. "ಎಂಟನೇದು ಕೇಳು. ಬೈಯಬೇಡ ನನಗೆ, ಕೇಳು" ಅಂದ. ಧ್ವನಿ ಒಂಥರಾ ಇತ್ತು.

ಅಕ್ಟೋಬರ್ 11, ರಾತ್ರಿ 8

ಬಸ್ಸಿನಲ್ಲಿ ಕೇಳಿದೆ. ನಂತೂರಿನಲ್ಲಿ ಜಾಮ್. ಮೊದಲ ಏಳು ಹಾಡು ಚೆನ್ನಾಗಿವೆ — ಅದಕ್ಕೂ ಮೈ ಉರಿಯಿತು. ಎಂಟನೆಯದರಲ್ಲಿ ಗಿಟಾರ್ ಸಟ್ಟನೆ ನಿಲ್ಲುತ್ತದೆ. ಆಮೇಲೆ ಅಮ್ಮ.

"ಪೋದು ಬಲ ಮಗಾ. ಬೇಗ ಬಲ. ಅವುಳು ಚಳಿ ಉಂಡುಗೆ."

ನನ್ನ ಅಮ್ಮ. ಹೋಗಿ ಬಾ ಮಗಾ, ಬೇಗ ಬಾ, ಅಲ್ಲಿ ಚಳಿಯಂತೆ... ಕನ್ನಡದಲ್ಲಿ ಬರೆದು ನೋಡಿದೆ. ಸಪ್ಪೆ.

ಸ್ಟಾಪ್ ದಾಟಿದ್ದು ಗೊತ್ತಾಗಲಿಲ್ಲ. ಹಿಂದಕ್ಕೆ ನಡೆದುಕೊಂಡು ಬಂದೆ.

ಅಕ್ಟೋಬರ್ 12

ಕ್ರೆಡಿಟ್ಸ್ ನೋಡಿದೆ. "ದನಿ: ಮಂಗಳೂರಿನ ಹೆಂಗಸು." ಹೆಂಗಸು! ಕುಶಲಾ ಅಂತ ಬರೆಯಲು ಎಷ್ಟು ಅಕ್ಷರ ಬೇಕು? ಡ್ರಮ್ ಹೊತ್ತವನ ಹೆಸರು ಕೂಡ ಇದೆ.

ನಮ್ಮ ಹತ್ತಿರ ಅಮ್ಮನ ದನಿ ಇಲ್ಲ. ಒಂದು ಅಕ್ಷರ ಇಲ್ಲ. ವಾಯ್ಸ್ ಮೆಸೇಜ್ ಕಳಿಸುವವರಲ್ಲ, ವಿಡಿಯೋ ಮಾಡಹೊರಟರೆ ಅಡುಗೆಮನೆಗೆ ಓಟ. ತಂಗಿ ಅನುಷ್ಕಾಳ ಮದುವೆ ಸಿಡಿಯಲ್ಲಿ ಐದು ನಿಮಿಷ ಮಾತಾಡುತ್ತಾರೆ, ಅದರ ಮೇಲೆ ಫೋಟೋಗ್ರಾಫರ್ ಹಾಡು ಹಾಕಿದ್ದಾನೆ. ನಮಗೆ ಬರೀ ತುಟಿ. ಇವನಿಗೆ ದನಿ. ಅದನ್ನು ಇಂಗ್ಲಿಷ್‌ನವರಿಗೆ ಅಲಂಕಾರಕ್ಕೆ ಕೊಟ್ಟಿದ್ದಾನೆ, ದರಿದ್ರದವನು.

ಅಕ್ಟೋಬರ್ 13

ಆಲ್ಬಂ ಕಂಪೆನಿಗೆ ಮೇಲ್ ಹಾಕಿದೆ. ನನ್ನ ತಾಯಿಯ ದನಿ, ಒಪ್ಪಿಗೆ ಕೇಳಿಲ್ಲ, ತೆಗೆಯಿರಿ. ಸಂಜೆಯೇ ಉತ್ತರ. ಪರಿಶೀಲನೆಗೆ ಆರು ವಾರ ಬೇಕಂತೆ.

ಹಾಡು ಮತ್ತೆ ಕೇಳಿದೆ. ಸಾಕ್ಷಿಗಾಗಿ. ನಿಮಿಷ, ಸೆಕೆಂಡು ಬರೆದುಕೊಳ್ಳಬೇಕಲ್ಲ.

ಅಕ್ಟೋಬರ್ 16

ಇವತ್ತು ಒಂಬತ್ತು ಸಲ. ಸಾಕ್ಷಿ.

ಅಕ್ಟೋಬರ್ 19, ಭಾನುವಾರ

ಗೇವಿನ್ ಫೋನ್. ಕಂಪೆನಿಯವರು ನನ್ನ ಮೇಲ್ ತೋರಿಸಿದ್ದಾರಂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ.

"ನಾನು ಹೊರಟ ದಿನ ರೆಕಾರ್ಡ್ ಮಾಡು ಅಂತ ಆಂಟಿಯೇ ಹೇಳಿದ್ದು ಲತೇಶ್. ಬೇಜಾರಾದ್ರೆ ಕೇಳು ಅಂತ."

"ನಿನಗೆ ಕೇಳ್ಲಿಕ್ಕೆ ಹೇಳಿದ್ದು. ಮಾರ್ಲಿಕ್ಕೆ ಅಲ್ಲ."

"ಅವರು ಹೋದಾಗ ಫೋನ್ ಮಾಡ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯ. ಎಂತ ಹೇಳುವುದು ಅಂತಲೇ..."

"ಗುಡ್‌ಬೈ ಹೇಳ್ಬೇಕಿತ್ತು."

ಅವನೇ ಮತ್ತೆ, "ಹೆಸರು ಹಾಕಿಸ್ತೇನೆ. ಒರಿಜಿನಲ್ ನಿನಗೆ ಕಳಿಸ್ತೇನೆ. ಪೂರ್ತಿ ನಾಲ್ಕು ನಿಮಿಷ ಉಂಟು. ನಿನಗೆ ಬೈದದ್ದೂ ಉಂಟು ಅದರಲ್ಲಿ."

ಕಳಿಸು ಅನ್ನುವ ಆಸೆಯಾಯಿತು. ಆದರೂ ಬಾಯಿ ಕೇಳಬೇಕಲ್ಲ.

"ನಿನ್ನ ಭಿಕ್ಷೆ ಬೇಡ. ಹಾಡಿಂದ ತೆಗಿ. ನಿನ್ನ ಹತ್ರ ಇರುವುದನ್ನೂ ಡಿಲೀಟ್ ಮಾಡು. ಮಾಡಿ ಮೇಲ್ ಹಾಕು."

ಕಟ್ ಮಾಡಿ ಬ್ಲಾಕ್ ಮಾಡಿದೆ. ಗೆದ್ದ ಹಾಗೆ ಅನಿಸಿತು, ಊಟದವರೆಗೆ.

ಅಕ್ಟೋಬರ್ 21

ಹಬ್ಬದ ರಜೆ. ಮಧ್ಯಾಹ್ನ ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿರಲಿಲ್ಲ, ಅಮ್ಮನ ದನಿ ಜೋರಾಗಿ ಕೇಳಿಸಿತು. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ "ಓ, ಬತ್ತೆ" ಅಂದರು. ಬಂದೆ ಅಂತ. ಎದ್ದೂಬಿಟ್ಟರು, ಚಪ್ಪಲಿ ಹುಡುಕುತ್ತ. ಆಮೇಲೆ ನನ್ನನ್ನು ನೋಡಿದರು.

"ಎಲ್ಲಿಂದ ಬಂತು ಅದು?"

ಹೇಳಿದೆ. ಜಗಳದ ವಿಷಯ ಬಿಟ್ಟು.

"ಒರ ಪಾಡ್" ಅಂದರು, ಒಂದು ಸಲ ಹಾಕು. ಒಂದು ಸಲ ಹೋಗಿ ಹದಿನಾಲ್ಕಾಯಿತು. "ಆ ಹುಡುಗ ಒಳ್ಳೇದು ಮಾಡಿದ" ಅಂದರು. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು — ಯಾರ ಮೇಲೆ ಅಂತ ಗೊತ್ತಿಲ್ಲ.

ಅಕ್ಟೋಬರ್ 22

ದೂರು ವಾಪಸ್ ತೆಗೆಯಲು ಮೇಲ್ ಬರೆದೆ. ಅಳಿಸಿದೆ. ಅವನ ಕಾಲು ಹಿಡಿದ ಹಾಗಾಗುತ್ತದೆ. ಆರು ವಾರ ಅಂದಿದ್ದಾರಲ್ಲ. ಭಾನುವಾರ ದೀಪೇಶ್ ಕೇಬಲ್ ತರುತ್ತಾನೆ, ಹಾಡನ್ನು ಫೋನಿನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಂಡರಾಯಿತು. ಗೇವಿನ್‌ಗೆ ಕೇಳುವುದೇ ಬೇಡ.

ಅಪ್ಪ ಸಂಜೆ ಪಂಚೆ ಬದಲಿಸಿ, ಮುಖ ತೊಳೆದು ಬಂದು ಕೂತರು. ಹಾಡು ಕೇಳಲಿಕ್ಕೆ.

ಅಕ್ಟೋಬರ್ 24, ಶುಕ್ರವಾರ, ಸಂಜೆ 6:40

ಎಂಟನೆಯ ಹಾಡಿನಲ್ಲಿ ಗಿಟಾರ್ ನಿಲ್ಲುವುದೇ ಇಲ್ಲ. ಮೊದಲಿಂದ ಕೊನೆಯವರೆಗೆ ಗಿಟಾರ್.

ಮೂರು ಸಲ ಹಾಕಿದೆ. ಆ್ಯಪ್ ತೆಗೆದು ಮತ್ತೆ ಹಾಕಿದೆ. ದೀಪೇಶ್‌ನ ಫೋನಿನಲ್ಲೂ ಅಷ್ಟೇ.

ಗೇವಿನ್‌ನ ಮೇಲ್ ಬೆಳಿಗ್ಗೆಯೇ ಬಂದಿದೆ, ನೋಡಿರಲಿಲ್ಲ. "ಆರು ವಾರ ನಿನ್ನನ್ನು ಕಾಯಿಸುವುದು ಸರಿಯಲ್ಲ ಅನಿಸಿತು. ಎಲ್ಲರ ಹತ್ತಿರ ಜಗಳ ಆಡಿ ಐದೇ ದಿನದಲ್ಲಿ ಮಾಡಿಸಿದೆ. ನನ್ನ ಫೋನ್, ಲ್ಯಾಪ್‌ಟಾಪ್, ಸ್ಟುಡಿಯೋ, ಎಲ್ಲ ಕಡೆ ಡಿಲೀಟ್. ನೀನು ಹೇಳಿದ್ದು ಸರಿ. ಕ್ಷಮಿಸು."

ಜೀವನದಲ್ಲಿ ಒಂದು ಸಲ ಹೇಳಿದ ಮಾತು ಕೇಳಿದ್ದಾನೆ.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅಪ್ಪ ಮುಖ ಒರೆಸಿಕೊಂಡು ಬರುತ್ತಿದ್ದಾರೆ. ಕುರ್ಚಿ ಎಳೆದರು. ಫೋನ್ ಚಾರ್ಜ್ ಉಂಟಾ ಅಂತ ಕೇಳ್ತಿದ್ದಾರೆ. ನಾನು ಏನಂತ