ಬಿಂದಿಯ ತನಕ ನೀರು

18 ನವೆಂಬರ್, ಬೆಳಿಗ್ಗೆ 5.40

ಉಸಿರಿನ ಮೆಷಿನ್ನಿನ ಡಬ್ಬಿಯ ನೀರು ಹಾಗೇ ಇದೆ. ಅಂದರೆ ರಾತ್ರಿ ಇವರು ಮಾಸ್ಕ್ ಹಾಕಿಯೇ ಇಲ್ಲ. ಕೇಳಿದರೆ "ಹಾಕಿದ್ನಲ್ಲ" ಅಂತಾರೆ. ಹಾಲ್‌ನಲ್ಲಿ ಅತ್ತೆ ಪಕ್ಕ ಮಲಗಿದ್ದ ನನಗೆ ಗೊರಕೆ ಕೇಳಿಸಲಿಲ್ವೇ? ಗೊರಕೆಗೆ ಭಯ ಇಲ್ಲ. ಅದು ನಡುವೆ ನಿಂತುಹೋಗುತ್ತಲ್ಲ, ಆಗ ಭಯ. ಎಣಿಸುತ್ತೀನಿ... ಇಪ್ಪತ್ತು, ಇಪ್ಪತ್ತೈದು... ಆಮೇಲೆ ಒಮ್ಮೆಲೆ ಉಸಿರು ಎಳೆದುಕೊಳ್ಳುತ್ತಾರೆ.

ಹೋದ ತಿಂಗಳು ಕುಣಿಗಲ್‌ನಲ್ಲಿ ಅಕ್ಕನ ಮನೆ ಗೃಹಪ್ರವೇಶ ಮುಗಿಸಿ ಬರುವಾಗ, ಹಾಡುಹಗಲು ಹನ್ನೊಂದು ಗಂಟೆ, ಕಾರು ಸೀದಾ ರಾಗಿ ಹೊಲಕ್ಕೆ ಹೋಯಿತು. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದ್ದರು. ನಮಗೇನೂ ಆಗಲಿಲ್ಲ. ಆದರೆ ಇವರು ಸ್ಕೂಲ್ ಬಸ್ ಡ್ರೈವರ್. ನಿಟ್ಟೂರಿಂದ ಗುಬ್ಬಿ ಮೇಲೆ ತುಮಕೂರಿಗೆ, ನಲವತ್ತೆರಡು ಮಕ್ಕಳು. ಅದರಲ್ಲಿ ಮೂವರು ನನ್ನ ಅಂಗನವಾಡಿಯಿಂದ ಹೋದವರು.

ತುಮಕೂರಿನ ಡಾಕ್ಟರು, ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಪೈಪು, ಮಾಸ್ಕಿನಿಂದ ಗಾಳಿ ಊದುವ ಮೆಷಿನ್ ಬರೆದುಕೊಟ್ಟರು. ಕನಿಷ್ಠ ಹದಿನೈದು ದಿನ ಸರಿಯಾಗಿ ಮಲಗಿದ ಮೇಲೇ ಸ್ಟೇರಿಂಗ್ ಹಿಡಿಯಬೇಕು ಅಂದರು. ಇವರು ಹತ್ತೇ ದಿನ ರಜೆ ಹಾಕಿದ್ದು. ಮೆಷಿನ್ ಸೆಕೆಂಡ್ ಹ್ಯಾಂಡ್, ಡಿಸ್‌ಪ್ಲೇ ಸತ್ತಿದೆ. ಎಷ್ಟು ಗಂಟೆ ಹಾಕಿದರು ಅಂತ ತೋರಿಸೋದು ಆ ಗಾಳಿಗೆ ತೇವ ಕೊಡುವ ಡಬ್ಬಿಯ ನೀರೊಂದೇ. ರಾತ್ರಿ ತುಂಬಿಸಬೇಕು, ಬೆಳಿಗ್ಗೆ ಇಳಿದಿರಬೇಕು.

ಹೇಳಿಯೇಬಿಟ್ಟೆ. "ನೀರು ಇಳೀದೆ ಇದ್ರೆ ನಿಮ್ಮ ಉದಯಕುಮಾರ್ ಸರ್‌ಗೆ ಫೋನ್ ಮಾಡ್ತೀನಿ." ಬಸ್‌ಗಳನ್ನೆಲ್ಲ ನೋಡಿಕೊಳ್ಳುವವರು ಅವರೇ. ಇವರು ಕಾಫಿ ಅರ್ಧಕ್ಕೇ ಬಿಟ್ಟು ಹೋದರು.

22 ನವೆಂಬರ್

ಇಳಿದಿದೆ! ಅರ್ಧಕ್ಕೆ ಬಂದಿದೆ. ಇಳಿದ ಜಾಗಕ್ಕೆ ಹೊರಗಡೆಯಿಂದ ನನ್ನದೇ ಒಂದು ಸ್ಟಿಕರ್ ಬಿಂದಿ ಅಂಟಿಸಿದೆ. ಅತ್ತೆ ನಕ್ಕರು: "ಗಂಡನಿಗೆ ಸೊಂಡಿಲು ಹಾಕ್ಸಿದ್ದಾಯ್ತು, ಈಗ ಡಬ್ಬಿಗೆ ಕುಂಕುಮ ಬೇರೆ ಇಟ್ಟೆ."

ಬೋರ್ ನೀರು ಹಾಕಿದ್ದಕ್ಕೆ ತಳದಲ್ಲಿ ಬಿಳಿ ಚಕ್ಕೆ ಕಟ್ಟಿದೆ. ಇನ್ನು ಡಿಸ್ಟಿಲ್ಡ್ ವಾಟರ್ರೇ.

29 ನವೆಂಬರ್

ಮೊನ್ನೆ ಬಾಯಿ ಒಣಗುತ್ತೆ ಅಂದರು. ತೇವದ ನಾಬ್ ಎರಡರಲ್ಲಿತ್ತು, ಐದಕ್ಕೆ ತಿರುಗಿಸಿದೆ. ನೀರು ಇನ್ನೂ ಕೆಳಗೆ ಇಳಿಯಿತು. ಬಿಂದಿಯನ್ನೂ ಕೆಳಗೆ ಅಂಟಿಸಿದೆ. ಜಾಸ್ತಿ ಇಳಿದಷ್ಟೂ ಜಾಸ್ತಿ ಒಳ್ಳೇದು ತಾನೇ? ಖುಷಿಯಾಯಿತು.

2 ಡಿಸೆಂಬರ್

ಚಳಿ ಜಾಸ್ತಿ. ಮೆಷಿನ್ನಿನ ಪೈಪಿನೊಳಗೆಲ್ಲ ನೀರಿನ ಹನಿ. ಒರೆಸಿಟ್ಟೆ. ಇವರು ಬೆಳಿಗ್ಗೆಯಿಂದ ಮಾತಾಡಿಲ್ಲ.

3 ಡಿಸೆಂಬರ್

ಬಿಂದಿಗೆ ಸರಿಯಾಗಿದೆ. ಗೊರಕೆ ಇಲ್ಲ.

4 ಡಿಸೆಂಬರ್

ಬಿಂದಿ. ಗೊರಕೆ ಇಲ್ಲ. ಬೆಳಕು ಬೀಳುತ್ತೆ ಅಂತ ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ.

11 ಡಿಸೆಂಬರ್

ಬಿಂದಿ. ಎಷ್ಟು ದಿನವಾಯಿತೋ ನಾನು ಹೀಗೆ ಮಲಗಿ. ನಂಬಿಕೆಯೇ ಬರುತ್ತಿಲ್ಲ.

27 ಡಿಸೆಂಬರ್

ಬಿಂದಿ. ಆದರೆ ಇವರ ಕಣ್ಣು ಕೆಂಪಗಿದೆ. ಧೂಳು ಅಂತಾರೆ. ಮಧ್ಯಾಹ್ನ ಮುದ್ದೆ ಮುರಿದ ಕೈ ತಟ್ಟೆಯಲ್ಲೇ ನಿಂತಿತ್ತು. ಕೂತಲ್ಲೇ ನಿದ್ದೆ. ಅಲುಗಿಸಿದರೆ ಬೆಚ್ಚಿಬಿದ್ದು, "ಮಕ್ಕಳೆಲ್ಲ ಇಳಿದ್ರಾ?" ಅಂದರು.

ಆ ಮಾತು ಹೋಗುತ್ತಿಲ್ಲ ತಲೆಯಿಂದ.

6 ಜನವರಿ, ಬೆಳಿಗ್ಗೆ 6.40

ಒಲೆ ಆರಿಸಿ ಬರೆಯಲು ಕೂತೆ.

ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಇವರು ಆಗಲೇ ರೂಮಿನಲ್ಲಿ ಬಾಗಿಲು ಹಾಕಿಕೊಂಡಿದ್ದರು. ಅತ್ತೆಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಲು ಎರಡು ಸಲ ಮೇಣದಬತ್ತಿ ಹಚ್ಚಿದೆ. ಕರೆಂಟ್ ಬಂದದ್ದು ಬೆಳಿಗ್ಗೆ ಐದೂವರೆಗೆ. ನಮ್ಮಲ್ಲಿ ಯುಪಿಎಸ್ ಇಲ್ಲ. ಮೆಷಿನ್ ನಡೆದೇ ಇಲ್ಲ.

ಇವರು ಆರೂಕಾಲಿಗೆ ಹೊರಟರು. ಡಬ್ಬಿ ತೊಳೆಯಲು ತೆಗೆದರೆ ನೀರು ಬಿಂದಿಗೆ ಸರಿಯಾಗಿದೆ.

ಒಂದು ತಿಂಗಳು ದಿನವೂ ಅಷ್ಟಕ್ಕೇ, ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಂಗನವಾಡಿಯಲ್ಲಿ ತೂಕ ಹಾಕದೆ ಅಂದಾಜಿಗೆ ಬರೆದಾಗ ಮಾತ್ರ ಮಕ್ಕಳ ತೂಕ ಅಷ್ಟು ಸಮ ಬರುತ್ತೆ ಅಂತ ಗೊತ್ತಿರುವವಳು ನಾನು. ಮನೆಯಲ್ಲಿ ಕುರುಡಿಯಾದೆ.

6.55

ಆರು ಸಲ ಫೋನ್ ಮಾಡಿದೆ. ಬಸ್ ಓಡಿಸುವಾಗ ಎತ್ತೋದಿಲ್ಲ. ಉದಯಕುಮಾರ್ ಸರ್ ನಂಬರ್ ತೆಗೆದೆ. ಒತ್ತಲಿಲ್ಲ. ಕೆಲಸ ಹೋಗುತ್ತೆ ಅಂತ ಯೋಚಿಸಿದೆ... ನಲವತ್ತೆರಡು ಮಕ್ಕಳು ರಸ್ತೆಯಲ್ಲಿರುವಾಗ. ನಾಚಿಕೆಯಾಗಬೇಕು ನನಗೆ.

8.50

ಫೋನ್ ಬಂತು. "ಏನೇ, ಇಷ್ಟೊಂದು ಮಿಸ್ಡ್ ಕಾಲು? ಅವ್ವನಿಗೇನಾಯ್ತು?" ಅಂದರು. ಮಕ್ಕಳೆಲ್ಲ ಇಳಿದಿದ್ದಾರೆ. ಅತ್ತೆ ಚೆನ್ನಾಗವ್ರೆ ಅಂತ ಹೇಳಿ ಫೋನ್ ಇಟ್ಟೆ. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಸಂಜೆ 7

ಡಬ್ಬಿಯನ್ನು ಮುಂದಿಟ್ಟೆ. "ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ಲ ಕಣ್ರೀ" ಅಂದೆ, ಅಷ್ಟೇ. ಇವರಿಗೆ ಅದೂ ಗೊತ್ತಿರಲಿಲ್ಲ. ಚಳಿ, ಫ್ಯಾನ್ ಇಲ್ಲ, ಲೈಟ್ ಆರಿಸಿದ ರೂಮು.

ಡಬ್ಬಿಯನ್ನು ತಿರುಗಿಸಿ ಬಿಂದಿ ನೋಡಿದರು.

"ಮಲಗೋ ಮುಂಚೇನೇ ಕಿಟಕಿಯಿಂದ ಚೆಲ್ಬಿಡ್ತಿದ್ದೆ. ನಿನ್ನ ಬಿಂದಿ ನೋಡ್ಕೊಂಡು."

"ಮತ್ತೆ ಗೊರಕೆ?"

"ಮಲಗಿದ್ರೆ ತಾನೇ ಗೊರಕೆ? ಗೋಡೆಗೆ ಒರಗಿ ಕೂತಿರ್ತಿದ್ದೆ. ತೂಕಡಿಸಿದ್ರೆ ತೊಡೆ ಚಿವುಟ್ಕೋತಿದ್ದೆ. ಹಗಲು ಟ್ರಿಪ್ ನಡುವೆ ಬಸ್ಸಲ್ಲೇ ಒಂದಿಷ್ಟು ಕಣ್ಣು ಮುಚ್ತಿದ್ದೆ."

ಮೂವತ್ತೈದು ರಾತ್ರಿ. ದೇವರೇ.

"ಯಾಕ್ರೀ?"

"ಹೋದ್ ತಿಂಗ್ಳು ಶುರೂಲಿ ಒಂದಿನ ಪೈಪಿಂದ ಮೂಗಿಗೆ ನೀರು ನುಗ್ತು ಕಣೇ. ಚಿಕ್ಕೋನಿದ್ದಾಗ ಕೆರೇಲಿ ಮುಳುಗಿದ್ನಲ್ಲ, ಹಂಗೇ ಆಯ್ತು. ಇನ್ನೊಂದ್ಸಲ ಅದನ್ನ ಮುಖಕ್ಕೆ ಕಟ್ಕೊಳಾಕೆ ನನ್ ಕೈಲಿ ಆಗ್ಲಿಲ್ಲ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಸರ್‌ಗೆ ಫೋನ್ ಮಾಡ್ತಿದ್ದೆ."

ಮೆಷಿನ್ ಕೊಟ್ಟ ಹುಡುಗನನ್ನು ಫೋನಿನಲ್ಲಿ ಕೇಳಿದೆ. ಚಳಿಗಾಲದಲ್ಲಿ ತೇವ ಜಾಸ್ತಿ ಇಟ್ಟರೆ ಪೈಪಿನಲ್ಲಿ ನೀರು ಕಟ್ಟುತ್ತಂತೆ. "ಐದಕ್ಕೆ ಯಾರ್ ಇಟ್ರು ಮೇಡಂ?" ಅಂದ.

ನಾನು. ನೀರು ಇಳಿಯಲಿ ಅಂತ.

7 ಜನವರಿ, ಬೆಳಿಗ್ಗೆ 5.50

ರಾತ್ರಿ ನಾಬ್ ಎರಡಕ್ಕೆ ಇಟ್ಟೆ. ಪೈಪಿಗೆ ಹಳೇ ಉಣ್ಣೆ ಶಾಲು ಸುತ್ತಿದೆ. ಇವರು ಮಾಸ್ಕ್ ಹಾಕುವವರೆಗೂ ಕೈ ಹಿಡಿದುಕೊಂಡಿದ್ದೆ, ಮಗುವಿಗೆ ಇಂಜೆಕ್ಷನ್ ಕೊಡಿಸುವಾಗ ಹಿಡಿದುಕೊಳ್ಳುವ ಹಾಗೆ. ಬಾಗಿಲು ತೆರೆದಿಟ್ಟು ಮಲಗಿದರು. ಉಸಿರು ಸಮವಾಗಿ ಬರುತ್ತಿತ್ತು. ನೀರು ಬಿಂದಿಗಿಂತ ಎರಡು ಬೆರಳು ಮೇಲೇ ಇದೆ. ಬಿಂದಿಯನ್ನು ಕಿತ್ತುಹಾಕಿದೆ.

ಈಗ ಖಾಕಿ ಶರ್ಟ್ ಹಾಕಿಕೊಳ್ಳುತ್ತಿದ್ದಾರೆ. "ನೆನ್ನೆ ಚೆನ್ನಾಗಿ ಮಲಗಿದ್ನಲ್ಲ, ಇನ್ನೇನು? ಇವತ್ತೊಂದಿನ ಹೋಗ್ಬರ್ತೀನಿ. ಆಮೇಲೆ ರಜೆ ಕೇಳ್ತೀನಿ."

ಒಂದು ರಾತ್ರಿ. ಡಾಕ್ಟರು ಹೇಳಿದ್ದು ಹದಿನೈದು.

ಬಸ್ಸಿನ ಕೀ ಈ ಡೈರಿಯ ಕೆಳಗಿದೆ. ಇವರು ಕೀ ನೇತುಹಾಕುವ ಮೊಳೆ ನೋಡಿದರು, ಟಿವಿ ಮೇಲೆ ನೋಡಿದರು. "ಗಂಗಾ, ಕೀ ನೋಡಿದ್ಯೇನೇ?"

ಉದಯಕುಮಾರ್ ಸರ್ ನಂಬರ್ ಒತ್ತಿದ್ದೀನಿ. ರಿಂಗ್ ಆಗುತ್ತಿದೆ. ಒಂದೂ ಬಿಡದ ಹಾಗೆ ಹೇಳಬೇಕಾದ್ದನ್ನು ಇಲ್ಲೇ ಬರೆದುಕೊಳ್ಳುತ್ತೀನಿ.

ಸರ್, ನಾನು ಗಂಗಾಂಬಿಕೆ, ಚನ್ನವೀರಯ್ಯನವರ ಹೆಂಡತಿ. ಇವತ್ತು ನಿಟ್ಟೂರು ಬಸ್ಸಿಗೆ ಬೇರೆ ಡ್ರೈವರ್ ಕಳಿಸಿ. ಇವರು ಮೂವತ್ತೈದು ದಿನದಿಂದ

ಎತ್ತಿದರು.