ಹೇಳಿಸಿಕೊಳ್ಳಲು ಬಂದ ಅಕ್ಕ

೧೬ ನವೆಂಬರ್, ಭಾನುವಾರ

ನಾನು ಓದುತ್ತಿರುವ ಅನುವಾದದ ಕಾದಂಬರಿಯಲ್ಲಿ ಎಲ್ಲರೂ ‘ಹೇಳಿದರು’. ಇಂಗ್ಲಿಷ್ ಮೂಲದಲ್ಲಿ ‘ಸೇ’ ಇತ್ತೋ ‘ಟೆಲ್’ ಇತ್ತೋ ತಿಳಿಯದು. ‘ಟೆಲ್’ ಎಂದರೆ ಕೇಳುವವರೊಬ್ಬರು ಇರಲೇಬೇಕು.

ಇಷ್ಟು ತಿಳಿದ ನಾನು ಮಗಳು ಪವಿತ್ರಳ ಮದುವೆ ಪತ್ರಿಕೆಯನ್ನು ಮಾಂಬಳ್ಳಿಯ ಅಕ್ಕನಿಗೂ ವಾಟ್ಸಾಪಿನಲ್ಲೇ ಕಳಿಸಿದ್ದೆ. ಮನೆಗೆ ಹೋಗಿ ಕುಂಕುಮ ಕೊಟ್ಟು ಹೇಳದಿದ್ದರೆ ನಮ್ಮಲ್ಲಿ ಯಾರೂ ಬರುವುದಿಲ್ಲ. ಅಕ್ಕನಿಲ್ಲದೆ ಧಾರೆ ಹೇಗೆಂದು ವಾರವೆಲ್ಲ ಕೊರಗಿದೆ. ತಡವಾಗಿ ಹೋಗಲು ಮುಖವಿರಲಿಲ್ಲ.

ಇವತ್ತು ಅವಳೇ ಬಸ್ಸು ಹತ್ತಿ ಕೊಳ್ಳೇಗಾಲದ ನಮ್ಮ ಮನೆಗೆ ಬಂದಳು. “ಊರೋರ್ಗೆಲ್ಲ ಬಂದ ಪಟ ನಂಗೂ ಬಂತು ಕಣಮ್ಮಿ. ನೀ ಬರ್ನಿಲ್ಲ. ಅದ್ಕೇ ಯೋಳುಸ್ಕಳಕೆ ನಾನೇ ಬಂದಿವ್ನಿ. ಯೋಳು.” ಗದರಲಿಲ್ಲ, ಪುಣ್ಯಾತ್ಗಿತ್ತಿ.

ಕುಂಕುಮ ಕೊಟ್ಟು ಹೇಳಿದೆ.

“ನೋಡಾನ, ಪುರುಸೊತ್ತಾದ್ರೆ ಬತ್ತೀನಿ” ಅಂದವಳು, ಪವಿತ್ರಳನ್ನು ಕರೆದು ಬಳೆಗೆ ಕೈ ಅಳತೆ ತೆಗೆದುಕೊಂಡಳು.